ದೀಪಾಲಂಕಾರದ ಛಾಯಾಚಿತ್ರವೂ ಮುಸ್ಸಂಜೆಯ ನೀಲಿಯೂ

ಮೈಸೂರು ಅರಮನೆಯ ಸುಮಾರು 1 ಲಕ್ಷ ಬಲ್ಬುಗಳು ಒಮ್ಮೆಲೇ ಬೆಳಗಿದಾಗ ಕಣ್ಣು ತುಂಬುವ ವೈಭವವು ಛಾಯಾಚಿತ್ರದಲ್ಲಿ ಅನೇಕ ವೇಳೆ ಕಪ್ಪು ಹಿನ್ನೆಲೆಯ ಮೇಲಿನ ಹಳದಿ ಚುಕ್ಕಿಗಳ ಸಾಲಾಗಿ ಮಾತ್ರ ಉಳಿಯುತ್ತದೆ. ಉರಿಯುವ ದೀಪದ ಪ್ರಖರತೆಗೂ ಸುತ್ತಲಿನ ಕತ್ತಲೆಗೂ ಇರುವ ಅಗಾಧ ಅಂತರವೇ ಇದಕ್ಕೆ ಮುಖ್ಯ ಕಾರಣ. ಮನುಷ್ಯನ ಕಣ್ಣು ದೃಶ್ಯದ ಭಾಗಭಾಗದ ಮೇಲೆ ಹರಿದಾಡುತ್ತ ಆಯಾ ಭಾಗದ ಬೆಳಕಿಗೆ ಹೊಂದಿಕೊಂಡರೆ, ಬೆಳಕನ್ನು ವಿದ್ಯುತ್ ಸಂಕೇತವಾಗಿ ಬದಲಿಸುವ ಕ್ಯಾಮೆರಾದ ಸೆನ್ಸರ್ ಇಡೀ ದೃಶ್ಯವನ್ನು ಒಂದೇ ಅಳತೆಯಲ್ಲಿ ದಾಖಲಿಸುತ್ತದೆ. ಆದುದರಿಂದ ದೀಪಗಳಿಗೆ ಅಳತೆ ಹೊಂದಿಸಿದರೆ ಗುಮ್ಮಟಗಳು ಕತ್ತಲಲ್ಲಿ ಕರಗುತ್ತವೆ, ಗುಮ್ಮಟಗಳಿಗೆ ಹೊಂದಿಸಿದರೆ ದೀಪಗಳು ಬರಿಯ ಬಿಳಿ ಕಲೆಗಳಾಗುತ್ತವೆ.

ಈ ಅಂತರವನ್ನು ತಗ್ಗಿಸಬಲ್ಲದ್ದು ಮುಸ್ಸಂಜೆಯ ಆಕಾಶ. ಸೂರ್ಯ ಮುಳುಗಿದ ಮೇಲೂ ವಾಯುಮಂಡಲದ ಮೇಲ್ಪದರಗಳು ಅವನ ಬೆಳಕನ್ನು ಚದುರಿಸುತ್ತಿರುತ್ತವೆ. ಆ ಬೆಳಕು ಓರೆಯಾಗಿ ಬಹುದೂರ ಸಾಗಿಬರುವಾಗ ಓಝೋನ್ ಅನಿಲವು ಅದರಲ್ಲಿನ ಹಳದಿ, ಕಿತ್ತಳೆ ಬಣ್ಣಗಳನ್ನು ಹೀರುವುದರಿಂದ ಆಕಾಶಕ್ಕೆ ಗಾಢ ನೀಲಿ ಬರುತ್ತದೆ. ಆಕಾಶದ ಹೊಳಪು ಇಳಿದು ದೀಪಾಲಂಕೃತ ಗೋಡೆಯ ಹೊಳಪಿಗೆ ಸಮನಾಗುವ ಕೆಲವೇ ನಿಮಿಷಗಳಲ್ಲಿ ಎರಡೂ ಒಂದೇ ಚಿತ್ರದಲ್ಲಿ ಸರಿಯಾಗಿ ಮೂಡುತ್ತವೆ. ಸುಮಾರು 12 ಡಿಗ್ರಿ ಅಕ್ಷಾಂಶದಲ್ಲಿರುವ ಮೈಸೂರಿನಲ್ಲಿ ಸೂರ್ಯನು ದಿಗಂತದತ್ತ ಹೆಚ್ಚು ಕಡಿದಾಗಿ ಇಳಿಯುವುದರಿಂದ, ಅಸ್ತಮಿಸಿದ 20ರಿಂದ 25 ನಿಮಿಷಗಳಲ್ಲಿಯೇ ದಿಗಂತದಿಂದ 6 ಡಿಗ್ರಿ ಕೆಳಗೆ ಹೋಗುತ್ತಾನೆ. ಅಕ್ಟೋಬರಿನ ಲಂಡನ್ನಿನಲ್ಲಿ ಇದಕ್ಕೆ ಅರ್ಧ ಗಂಟೆಗೂ ಮಿಕ್ಕಿ ಬೇಕು.

ಇಲ್ಲಿಯೇ ಪಂಚಾಂಗದ ಲೆಕ್ಕ ಮುಖ್ಯವಾಗುತ್ತದೆ. ದಸರೆಯ ಹೊತ್ತಿಗೆ ಮೈಸೂರಿನ ಸೂರ್ಯಾಸ್ತ ಸಂಜೆ 6ರ ಆಸುಪಾಸಿನಲ್ಲಿ ಆಗುವುದರಿಂದ, 7 ಗಂಟೆಗೆ ದೀಪ ಬೆಳಗಿದರೆ ನೀಲಿ ಬಹುತೇಕ ಆರಿಹೋಗಿರುತ್ತದೆ. ಜೂನ್ ತಿಂಗಳಲ್ಲಾದರೋ ಸೂರ್ಯಾಸ್ತ 6.45ರ ಸುಮಾರಿಗೆ ಆಗುವುದರಿಂದ, ಅರಮನೆಗೆ ದೀಪ ಬೆಳಗಿಸುವ ಭಾನುವಾರಗಳಂದು, ಮೋಡವಿಲ್ಲದ ಸಂಜೆ ಅದೇ 7 ಗಂಟೆಗೆ ಅರಮನೆ ಬೆಳಗುವಾಗ ಆಕಾಶದಲ್ಲಿ ಇನ್ನೂ ಬೆಳಕಿರುತ್ತದೆ.

ಸೂಕ್ತ ವೇಳೆ ದೊರೆತರೂ ಬೆಳಕು ಅಲ್ಪವೇ ಆದುದರಿಂದ, ಸೆನ್ಸರಿಗೆ ಬೆಳಕು ಬೀಳುವ ಅವಧಿಯಾದ ಷಟರ್ ವೇಗವನ್ನು 1ರಿಂದ 4 ಸೆಕೆಂಡುಗಳವರೆಗೆ ಹಿಗ್ಗಿಸಬೇಕಾಗಬಹುದು. ಅಷ್ಟು ಹೊತ್ತು ಕೈ ನಡುಗದಿರುವುದು ಅಸಾಧ್ಯವಾದ್ದರಿಂದ ಟ್ರೈಪಾಡ್ ಬೇಕು. ಗುಂಡಿ ಒತ್ತುವಾಗಿನ ಅಲುಗಾಟವನ್ನು ತಪ್ಪಿಸಲು ಟೈಮರ್ ನೆರವಾಗುತ್ತದೆ. ದೂರ ಇಮ್ಮಡಿಯಾದರೆ ಬೆಳಕು ಕಾಲುಭಾಗಕ್ಕೆ ಇಳಿಯುವುದರಿಂದ ಕ್ಯಾಮೆರಾದ ಫ್ಲ್ಯಾಶ್ ಅರಮನೆಯನ್ನು ಮುಟ್ಟುವುದೇ ಇಲ್ಲ. ಬಿಳಿಯ ಬಣ್ಣವನ್ನು ಬಿಳಿಯಾಗಿ ತೋರಿಸಲು ಕ್ಯಾಮೆರಾ ಮಾಡುವ ಹೊಂದಾಣಿಕೆಗೆ ವೈಟ್ ಬ್ಯಾಲೆನ್ಸ್ ಎಂದು ಹೆಸರು. ಅದನ್ನು ಯಂತ್ರದ ವಿವೇಚನೆಗೆ ಬಿಟ್ಟರೆ ತಂತಿಬಲ್ಬಿನ ಹೊಂಬಣ್ಣ ಸಪ್ಪೆಯಾಗಬಹುದಾದ ಕಾರಣ, ಹಗಲು ಬೆಳಕಿನ ಆಯ್ಕೆಯನ್ನು ಇಟ್ಟುಕೊಳ್ಳುವುದು ಒಳಿತು.

ದಸರೆಯ ಪೂರ್ಣ ಕತ್ತಲಲ್ಲಿ ಚಿತ್ರ ತೆಗೆಯುವುದೇ ಆದರೆ, ಬೇರೆ ಬೇರೆ ಅವಧಿಯ ಹಲವು ಚಿತ್ರಗಳನ್ನು ತೆಗೆದು ಒಂದಾಗಿ ಬೆಸೆಯುವ ದಾರಿಯಿದೆ. ಇಂದಿನ ಮೊಬೈಲ್ ಫೋನುಗಳ ರಾತ್ರಿ ವಿಧಾನವೂ ಹಲವು ಚಿತ್ರಗಳನ್ನು ಹೀಗೆ ಕೂಡಿಸುತ್ತದೆ. ಆದರೂ ದುಬಾರಿ ಉಪಕರಣವನ್ನು ಕೊಳ್ಳುವ ಮೊದಲು ಆ ದಿನದ ಸೂರ್ಯಾಸ್ತದ ವೇಳೆಯನ್ನು ತಿಳಿದುಕೊಳ್ಳುವುದು, ದೀಪಗಳ ಚಿತ್ರ ತೆಗೆಯಬಯಸುವ ಪ್ರತಿಯೊಬ್ಬರೂ ಇಡಬೇಕಾದ ಮೊದಲ ಹೆಜ್ಜೆ.