ಬೆಂಜ್ ಲಾರಿ ಹಣೆಗೆ ನಕ್ಷತ್ರವೋ, ‘ಟಿ’ ಅಕ್ಷರವೋ?

ಚಳ್ಳಕೆರೆ: ಎಂಜಿನ್ ಬಿಚ್ಚಿ ಕಟ್ಟಿದ್ದಾಯಿತು. ಚಾಸಿಸ್‌ಗೆ ರೆಡ್ ಆಕ್ಸೈಡ್ ಬಳಿದದ್ದಾಯಿತು. ಬಡಗಿ ಬಂದು ಹಲಗೆ ಹೊಡೆದು, ಬೋಲ್ಟು ಬಿಗಿದು ಹೋದ. ದುಡ್ಡೂ ನೀರಿನ ಹಾಗೆ ಹೋಯಿತು. ಇನ್ನೇನು ಹಳೇ ಲಾರಿ ರೆಡಿ, ತೆಂಗಿನಕಾಯಿ ಒಡೆಯೋದೊಂದೇ ಬಾಕಿ ಅನ್ನುವ ಹೊತ್ತಿಗೆ ಸರಿಯಾಗಿ ಜಗಳ ಶುರುವಾಗುತ್ತದೆ. ಅದೂ ಅಂಗೈ ಅಗಲದ ಒಂದು ಬಿಲ್ಲೆಗಾಗಿ!

ಹಳೆ ಲಾರಿಗೆ ಮರುಜೀವ ಕೊಡಿಸಲು ಹೊರಟ ಮಾಲೀಕನಿಗೂ ಬಣ್ಣದ ಮೇಸ್ತ್ರಿಗೂ ನಡೆಯುವ ಮಾತು ಹೆಚ್ಚುಕಡಿಮೆ ಎಲ್ಲ ಕಡೆಯೂ ಒಂದೇ ತರಹ.

“ಏನ್ ಮೇಸ್ತ್ರಿ, ಮುಂದುಕ್ಕೆ ನಕ್ಷತ್ರ ಹಾಕ್ಸಿಬಿಡಾನ. ಬೆಂಜ್ ಅಲ್ವೇನಪ್ಪ ಇದು?”

“ಸಾವ್ಕಾರ್ರೆ, ಮೊದ್ಲು ಆರ್.ಸಿ. ಬುಕ್ ತೆಗೀರಿ. ಯಾವ ವರ್ಷದ ಗಾಡಿ ಅಂತ ನೋಡಾನ. ನಕ್ಷತ್ರದ ಮಾತು ಆಮೇಲೆ.”

ಮೇಸ್ತ್ರಿ ಕೇಳುವುದರಲ್ಲಿ ಅರ್ಥವಿದೆ. ಜೆಮ್‌ಶೆಡ್‌ಪುರದಲ್ಲಿ 1945ರಲ್ಲಿ ಶುರುವಾದ ಟೆಲ್ಕೋ ಕಂಪನಿ ಮೊದಲು ಮಾಡುತ್ತಿದ್ದುದು ರೈಲು ಎಂಜಿನ್. 1954ರಲ್ಲಿ ಜರ್ಮನಿಯ ಡೈಮ್ಲರ್-ಬೆಂಜ್ ಜತೆ ಒಪ್ಪಂದವಾಗಿ ಲಾರಿ ಮಾಡಲು ಇಳಿಯಿತು. ಹದಿನೈದು ವರ್ಷದ ಒಪ್ಪಂದ. ಆ ಕಾಲದ ಲಾರಿಗಳ ಹೆಸರು ಟಾಟಾ ಮರ್ಸಿಡಿಸ್-ಬೆಂಜ್, ಹಣೆಯ ಮೇಲೆ ಮೂರು ಮೂಲೆಯ ನಕ್ಷತ್ರ. 1969ಕ್ಕೆ ಒಪ್ಪಂದ ಮುಗಿಯಿತು. ನಕ್ಷತ್ರ ಇಳಿಯಿತು, ಉಂಗುರದೊಳಗಿನ ‘ಟಿ’ ಏರಿತು. ಟೆಲ್ಕೋ ಅನ್ನುವ ಹೆಸರೇ 2003ರಲ್ಲಿ ಹೋಗಿ ಟಾಟಾ ಮೋಟಾರ್ಸ್ ಆಯಿತು. ಆದರೆ ನಮ್ಮ ಜನರ ಬಾಯಲ್ಲಿ ಮಾತ್ರ ಅದು ಬೆಂಜ್ ಆಗಿಯೇ ಉಳಿಯಿತು. 1975ರ ಗಾಡಿಯೂ ಬೆಂಜೇ, 1985ರ ಗಾಡಿಯೂ ಬೆಂಜೇ. ಅಂಗಡಿಯಲ್ಲಿ ಸಿಕ್ಕ ನಕ್ಷತ್ರ ತಂದು ‘ಟಿ’ ಇದ್ದ ಜಾಗಕ್ಕೆ ಚುಚ್ಚಿಸಿಕೊಂಡ ಶೋಕಿಲಾಲರಿಗೂ ಕಡಿಮೆಯಿಲ್ಲ.

ಹೀಗಾಗಿ ಇವತ್ತು ಗುಜರಿ ಅಂಗಡಿಯಿಂದ ಎತ್ತಿಕೊಂಡು ಬಂದ ಹಳೇ ಗಾಡಿಯ ಮುಖ ನೋಡಿ ವಯಸ್ಸು ಹೇಳುವಂತಿಲ್ಲ. ಬಾಯಿಮಾತೂ ನಂಬುವಂತಿಲ್ಲ. ನಂಬಬೇಕಾದ್ದು ತೂತುಗಳನ್ನು! ಬಿಲ್ಲೆಯ ಹಿಂದೆ ಮೊಳೆಯಂಥ ಕಾಲುಗಳಿರುತ್ತವೆ, ಅವು ಕೂರಲು ತಗಡಿನಲ್ಲಿ ತೂತು. ಹಳೇ ಬಣ್ಣ ಕೆರೆದರೆ ಮೊದಲ ತೂತು ಯಾವುದು, ಆಮೇಲೆ ಡ್ರಿಲ್ ಹೊಡೆದದ್ದು ಯಾವುದು, ಪುಟ್ಟಿ ತುಂಬಿ ಮುಚ್ಚಿದ್ದು ಯಾವುದು ಎಲ್ಲ ಬಯಲಾಗುತ್ತದೆ. ಕಂಪನಿಯ ಮೂಲ ಬಣ್ಣವೂ ಅಲ್ಲೇ ಅಡಗಿರುತ್ತದೆ. ಬಿಲ್ಲೆಯ ಅಡಿ, ಡ್ಯಾಷ್‌ಬೋರ್ಡಿನ ಹಿಂದೆ, ಬಾಗಿಲ ಸಂದಿ. ಬಿಸಿಲು ಮುಟ್ಟದ, ಬ್ರಷ್ ತಲುಪದ ಜಾಗ. ಅನುಭವಸ್ಥ ಮೇಸ್ತ್ರಿ ಬಾನೆಟ್ ಕೆರೆಯುವ ಮೊದಲು ಆ ಸಂದಿಗೆ ಕಣ್ಣು ಹಾಕುತ್ತಾನೆ.

ಉಜ್ಜಿದರೆ ಕೆಟ್ಟಿತು

ಬಿಲ್ಲೆ ಸಿಕ್ಕಿತು ಅಂತಲೇ ಇಟ್ಟುಕೊಳ್ಳಿ. ಅದರ ಸ್ಥಿತಿ? ಐವತ್ತು ವರ್ಷದ ಮಳೆ, ಬಿಸಿಲು, ಮಣ್ಣು, ಅದರ ಮೇಲೆ ವರ್ಷವರ್ಷವೂ ಆಯುಧ ಪೂಜೆಯ ಅರಿಶಿನ, ಕುಂಕುಮ, ಗಂಧ. ಮಾಲೀಕ ಮಾಡುವ ಮೊದಲ ತಪ್ಪು ಎಮರಿ ಪೇಪರ್ ಕೊಂಡು ಉಜ್ಜಲು ಕೂರುವುದು. ಅಲ್ಲಿಗೆ ಕತೆ ಮುಗಿಯಿತು. ಮೇಲಿರುವ ಕ್ರೋಮಿಯಂ ಬಲು ತೆಳು ಪದರ. ಅದು ಹೋದರೆ ಕೆಳಗಿನ ಬೂದು ಲೋಹ ಹಲ್ಲು ಕಿರಿಯುತ್ತದೆ. ಸೋಪಿನ ಬಿಸಿನೀರು, ಮೆತ್ತನೆ ಬ್ರಷ್, ಹತ್ತಿ ಬಟ್ಟೆ. ಇಷ್ಟರಲ್ಲಿ ಹೋಗುವ ಕೊಳೆ ಹೋಗಲಿ, ಉಳಿದದ್ದು ಉಳಿಯಲಿ ಅನ್ನುವವನೇ ಜಾಣ.

ಕ್ರೋಮ್ ಪೂರ್ತಿ ಎದ್ದು ಗುಳಿ ಬಿದ್ದಿದ್ದರೆ ಪ್ಲೇಟಿಂಗ್ ಅಂಗಡಿಯೇ ಗತಿ. ಅಲ್ಲೂ ಒಂದು ಮಾತು ಹೇಳಿ ಕೊಡಬೇಕು. ಗುಳಿ ಹೋಗಲಿ ಅಂತ ಬಫಿಂಗ್ ಚಕ್ರಕ್ಕೆ ಜೋರಾಗಿ ಹಿಡಿದರೆ ಅಕ್ಷರದ ಅಂಚು ತಿಂದುಹೋಗುತ್ತದೆ. ‘ಟಾಟಾ’ ಅನ್ನುವುದು ಚೀಪಿದ ಪೆಪ್ಪರಮೆಂಟಿನ ಹಾಗೆ ಗುಂಡಗಾಗಿ ವಾಪಸ್ ಬರುತ್ತದೆ. ಹೊಳಪೇನೋ ಕಣ್ಣು ಕುಕ್ಕುತ್ತದೆ. ಅಕ್ಷರ?

ಇನ್ನು ಬಣ್ಣ ತುಂಬುವ ಕೆಲಸ. ಇದು ನೋಡುವಂಥಾದ್ದು. ಬಿಲ್ಲೆಯಲ್ಲಿ ಬಣ್ಣ ಇರುವುದು ತಗ್ಗಿನಲ್ಲಿ, ಹೊಳೆಯಬೇಕಾದ್ದು ಉಬ್ಬು. ಹೊಸಬ ತಗ್ಗಿನಲ್ಲೇ ನಾಜೂಕಾಗಿ ಬಣ್ಣ ಹಚ್ಚಲು ಹೋಗಿ ಕೈ ನಡುಗಿ ಎಲ್ಲ ಕಡೆ ಬಳಿದುಕೊಳ್ಳುತ್ತಾನೆ. ಪಳಗಿದವನು ಹಾಗಲ್ಲ. ಬಿಲ್ಲೆಯನ್ನು ಮಟ್ಟವಾಗಿ ಮಲಗಿಸಿ, ಎನಾಮೆಲ್ ಧಾರಾಳವಾಗಿ ತಗ್ಗಿಗೆ ಬಿಡುತ್ತಾನೆ, ಉಬ್ಬಿನ ಮೇಲೆ ಬಿದ್ದರೂ ತಲೆಕೆಡಿಸಿಕೊಳ್ಳುವುದಿಲ್ಲ. ಬಣ್ಣ ತಾನಾಗಿ ಹರಿದು ಮೂಲೆ ಸೇರುತ್ತದೆ. ಸೇರದ ಕಡೆ ಪೊರಕೆ ಕಡ್ಡಿಯ ತುದಿಯಿಂದ ಎಳೆಯುತ್ತಾನೆ. ಸ್ವಲ್ಪ ಹೊತ್ತು ಬಿಟ್ಟು, ಚಪ್ಪಟೆ ಮರದ ತುಂಡಿಗೆ ಬಟ್ಟೆ ಬಿಗಿದು, ಥಿನ್ನರ್ ಸೋಕಿಸಿ ಹಿಂಡಿ, ಉಬ್ಬಿನ ಮೇಲೆ ಒಂದೇ ಸಲ ಎಳೆಯುತ್ತಾನೆ. ಬಟ್ಟೆ ಬಿಗಿಯಾಗಿರುವುದರಿಂದ ತಗ್ಗಿಗೆ ಇಳಿಯುವುದಿಲ್ಲ. ಮೇಲೆ ಬೆಳ್ಳಿ, ಒಳಗೆ ಬಣ್ಣ, ನಡುವೆ ಕತ್ತರಿಸಿದಂಥ ಗೆರೆ. ಬೆರಳಿಗೆ ಬಟ್ಟೆ ಸುತ್ತಿ ಒರೆಸಿದವನ ಕೆಲಸ ನೋಡಿದ ಕೂಡಲೇ ಗೊತ್ತಾಗುತ್ತದೆ. ಬಣ್ಣವೂ ಎದ್ದು ಬಂದಿರುತ್ತದೆ!

ಇದಕ್ಕೆ ತದ್ವಿರುದ್ಧ ತಗಡಿನಲ್ಲೇ ಒತ್ತಿದ ಉಬ್ಬು ಅಕ್ಷರ. ಅಲ್ಲಿ ಬಣ್ಣ ಬೇಕಾದ್ದು ಮೇಲಕ್ಕೆ. ಬ್ರಷ್ ಕಡೆ ಹೋಗಲೇಬಾರದು. ಸಣ್ಣ ಸ್ಪಂಜಿನ ರೋಲರ್‌ಗೆ ಕಮ್ಮಿ ಬಣ್ಣ ಹಿಡಿಸಿ ಹಗುರವಾಗಿ ಉರುಳಿಸಿದರೆ ಉಬ್ಬಿಗೆ ಮಾತ್ರ ಅಂಟುತ್ತದೆ.

ಚಳ್ಳಕೆರೆಯಲ್ಲಿ ಇನ್ನೊಂದು ತಾಪತ್ರಯ ಗಾಳಿಯದು. ಜಿಲ್ಲೆಯ ಗುಡ್ಡದ ಮೇಲೆಲ್ಲ ಗಾಳಿಯಂತ್ರ ನಿಲ್ಲಿಸಿದ್ದು ಸುಮ್ಮನೆ ಅಲ್ಲ. ಆಷಾಢದ ಗಾಳಿಗೆ ಎನಾಮೆಲ್ ಬಳಿದಿಟ್ಟರೆ ಸಂಜೆಗೆ ಅದು ಬಣ್ಣವಲ್ಲ, ಎಮರಿ ಪೇಪರ್. ನೆಲಕ್ಕೆ ನೀರು ಚಿಮುಕಿಸಿ, ತಾಡಪಾಲು ಇಳಿಬಿಟ್ಟು, ಬೆಳ್ಳಂಬೆಳಗ್ಗೆ ಕೈ ಹಚ್ಚಿದರೆ ಉಂಟು.

ಎಲೆ ಬಣ್ಣದ ತಕರಾರು

ಬಣ್ಣದ ವಿಷಯದಲ್ಲಿ ಸರ್ಕಾರದ್ದೂ ಒಂದು ಕೈ ಇದೆ. ರಾಷ್ಟ್ರೀಯ ಪರ್ಮಿಟ್ ಬಂದದ್ದು 1975ರಲ್ಲಿ. ಆ ಪರ್ಮಿಟ್ಟಿನ ಲಾರಿಗೆ ಒಣಗಿದ ಎಲೆಯ ಕಂದು ಬಣ್ಣ, ಅದಕ್ಕೆ ದಪ್ಪ ಬಿಳಿ ಅಂಚು ಎಂದು 1989ರ ಕೇಂದ್ರ ಮೋಟಾರು ವಾಹನ ನಿಯಮ ಹೇಳುತ್ತಿತ್ತು. ಈ ಎಲೆ ಬಣ್ಣವನ್ನೇ ನೋಡಿ ಬೆಳೆದವರು ಹಳೇ ಲಾರಿ ಅಂದರೆ ಇದೇ ಅಂದುಕೊಂಡಿದ್ದಾರೆ. 1966ರ ಗಾಡಿಗೆ ಆ ಬಣ್ಣ ಬಳಿದು ‘ನ್ಯಾಷನಲ್ ಪರ್ಮಿಟ್’ ಅಂತ ಬರೆಸಿದರೆ, ಅಜ್ಜನ ಮದುವೆ ಫೋಟೋದಲ್ಲಿ ಮೊಮ್ಮಗನ ಕೈಗಡಿಯಾರ ಕಂಡ ಹಾಗೆ.

ನಂಬರ್ ಪ್ಲೇಟಿನ ಗೋಳು ಬೇರೆ. ಮೈಸೂರು ರಾಜ್ಯ ಅನ್ನುತ್ತಿದ್ದ ಕಾಲದ ಗಾಡಿಗೆ ‘ಎಂವೈ’ ಅಕ್ಷರದ ನಂಬರು. ಚಿತ್ರದುರ್ಗಕ್ಕೆ ‘ಕೆಎ 16’ ಬಂದದ್ದು ಬಹಳ ಆಮೇಲೆ. ಕಪ್ಪು, ಬಿಳಿ, ಹಳದಿಯಲ್ಲಿ ನಂಬರು ಬರೆಯುವುದೇ ಒಂದು ಕಾಲಕ್ಕೆ ಬಣ್ಣದ ಅಂಗಡಿಗಳ ದಿನದ ಅನ್ನ. ದೊಡ್ಡ ಕೆಲಸ ಇಲ್ಲದ ದಿನವೂ ನಾಲ್ಕು ನಂಬರ್ ಪ್ಲೇಟ್ ಬಂದರೆ ಒಲೆ ಉರಿಯುತ್ತಿತ್ತು. 2019ರ ಏಪ್ರಿಲ್‌ನಿಂದ ಹೊಸ ವಾಹನಗಳಿಗೆ ಅಚ್ಚೊತ್ತಿದ ಅತಿಸುರಕ್ಷಿತ ಫಲಕ ಬಂತು. 2023ರಲ್ಲಿ ರಾಜ್ಯ ಸರ್ಕಾರ ಹಳೇ ವಾಹನಗಳಿಗೂ ಅದನ್ನೇ ಹಾಕಿಸಿ ಅಂದಿತು. ಅಲ್ಲಿಗೆ ಆ ಅನ್ನವೂ ಹೋಯಿತು.

ಇಷ್ಟೆಲ್ಲ ಖರ್ಚು ಮಾಡಿ ಸಿಂಗರಿಸಿದ ಲಾರಿಗೆ ಕಾನೂನಿನಲ್ಲಿ ಗೌರವ ಉಂಟೇ ಅಂದರೆ ಅದೂ ಇಲ್ಲ. ಐವತ್ತು ವರ್ಷ ದಾಟಿದ, ಮೂಲ ರೂಪದಲ್ಲೇ ಇರುವ ವಾಹನಕ್ಕೆ ‘ವಿಂಟೇಜ್’ ಎಂದು ಬೇರೆ ನೋಂದಣಿ ಕೊಡುವ ನಿಯಮ 2021ರ ಜುಲೈನಲ್ಲಿ ಬಂತು. ಆದರೆ ಅದು ಮೋಟಾರ್ ಸೈಕಲ್ಲಿಗೆ, ಕಾರಿಗೆ. ಶ್ರೀಮಂತರ ಕಾರು ಪರಂಪರೆ, ಊರಿಗೆ ಅನ್ನ ಹೊತ್ತು ತಂದ ಲಾರಿ ಗುಜರಿ! ರಸ್ತೆಗೆ ಇಳಿಸಬೇಕೆಂದರೆ ಎಲ್ಲ ಲಾರಿಗಳ ಸಾಲಿನಲ್ಲಿ ನಿಂತು ಎಫ್.ಸಿ. ಮಾಡಿಸಬೇಕು. ಮುಂದೆ ಬಿಳಿ, ಬದಿಗೆ ಹಳದಿ, ಹಿಂದೆ ಕೆಂಪು ಮಿಂಚುಪಟ್ಟಿ ಅಂಟಿಸಬೇಕು. ಅಂಟಿಸುವುದು ಎಲ್ಲಿ? ಮೇಸ್ತ್ರಿ ಮೂರು ದಿನ ಕೂತು ಬರೆದ ಬಳ್ಳಿಯ ಮೇಲೆಯೇ. ರಾತ್ರಿ ಹೆದ್ದಾರಿಯಲ್ಲಿ ಹಿಂದಿನಿಂದ ಬರುವವನ ಜೀವ ಉಳಿಸುವ ಪಟ್ಟಿ ಅದು, ಬೇಡ ಅನ್ನುವಂತೆಯೂ ಇಲ್ಲ.

ಎಣ್ಣೆ ಊರಿನ ಲಾರಿ

ಚಳ್ಳಕೆರೆಗೂ ಲಾರಿಗೂ ಇರುವ ನಂಟು ಎಣ್ಣೆಯದು. ಸುತ್ತಲ ಹೊಲದ ಶೇಂಗಾ, ಊರ ತುಂಬ ಎಣ್ಣೆ ಮಿಲ್ಲು. ಎರಡನೇ ಬೊಂಬಾಯಿ ಅನ್ನುತ್ತಿದ್ದ ಕಾಲ. ಶೇಂಗಾ ಮೂಟೆ ಬರುವುದಕ್ಕೂ ಲಾರಿ, ಎಣ್ಣೆ ಡಬ್ಬ ಹೋಗುವುದಕ್ಕೂ ಲಾರಿ, ಹಿಂಡಿ ಸಾಗಿಸುವುದಕ್ಕೂ ಲಾರಿ. ಹಿರಿಯೂರಿನಿಂದ ಬಳ್ಳಾರಿಗೆ ಹೋಗುವ ರಸ್ತೆ ಚಳ್ಳಕೆರೆ ದಾಟಿ, ಮೊಳಕಾಲ್ಮುರು ತಾಲ್ಲೂಕಿನ ಹಾನಗಲ್, ರಾಂಪುರದ ಮೇಲೇ ಹಾಯುತ್ತದೆ. 1990ರ ದಶಕದಲ್ಲಿ ಹೊರದೇಶದ ಪಾಮೋಲಿನ್ ಧಾರಾಳವಾಗಿ ಒಳಗೆ ಬಂದ ಮೇಲೆ ಮಿಲ್ಲುಗಳು ಒಂದೊಂದಾಗಿ ಬಾಗಿಲು ಹಾಕಿದವು. ಬಳ್ಳಾರಿಯ ಅದಿರು ನಂಬಿ ಲಾರಿ ಕೊಂಡವರಿಗೆ 2011ರ ಜುಲೈನಲ್ಲಿ ಸುಪ್ರೀಂ ಕೋರ್ಟು ಗಣಿಗಾರಿಕೆ ನಿಲ್ಲಿಸಿದಾಗ ಇನ್ನೊಂದು ಪೆಟ್ಟು.

ಆ ಕಾಲದ ಲಾರಿಯ ಹಣೆ ನೋಡಿದರೆ ಊರು ಹೇಳಬಹುದಾಗಿತ್ತು. ನಾಯಕನಹಟ್ಟಿ ತಿಪ್ಪೇರುದ್ರಸ್ವಾಮಿ ಪ್ರಸನ್ನ ಅಂದರೆ ಈ ಸೀಮೆಯ ಗಾಡಿ, ಅನುಮಾನವೇ ಬೇಡ. ಗೌರಸಮುದ್ರದ ಮಾರಮ್ಮ, ಚಳ್ಳಕೆರಮ್ಮ, ನುಂಕೆಮಲೆ ಸಿದ್ದೇಶ್ವರ. ಹಿಂದಿನ ಹಲಗೆಗೆ ‘ಮಾಡಿದಷ್ಟು ನೀಡು ಭಿಕ್ಷೆ’. ದೃಷ್ಟಿಗೆ ಕರಿ ಉಣ್ಣೆಯ ಕುಚ್ಚು. ಕಂಬಳಿ ನೇಯುವ ಊರಿನಲ್ಲಿ ಉಣ್ಣೆಗೆ ಬರವೇ?

ದಾರಕ್ಕೆ ಸುಣ್ಣ ಹಚ್ಚಿ, ಎರಡು ತುದಿ ಬಿಗಿದು ಮಿಡಿದರೆ ಹಲಗೆಯ ಮೇಲೆ ನೇರ ಗೆರೆ. ಆ ಗೆರೆಯ ಮೇಲೆ ಕಣ್ಣಳತೆಯಲ್ಲೇ ಅಕ್ಷರ ಹಂಚಬೇಕು. ಇಂಗ್ಲಿಷಿಗಾದರೆ ಮೇಲೊಂದು ಕೆಳಗೊಂದು ಗೆರೆ ಸಾಕು. ಕನ್ನಡಕ್ಕೆ ಮೇಲೆ ಗುಡಿಸು, ಕೆಳಗೆ ಒತ್ತು. ‘ತಿಪ್ಪೇರುದ್ರಸ್ವಾಮಿ’ ಬರೆಯುವವನು ಮೂರು ಒತ್ತಿಗೆ ಜಾಗ ಮೊದಲೇ ಬಿಡದಿದ್ದರೆ ಕೆಳಗಿನ ಪಟ್ಟಿಗೆ ಹೋಗಿ ಡಿಕ್ಕಿ ಹೊಡೆಯುತ್ತಾನೆ. ಕಂಪ್ಯೂಟರಿನಲ್ಲಿ ಕತ್ತರಿಸಿದ ಸ್ಟಿಕ್ಕರಿಗೆ ಈ ಕಷ್ಟವಿಲ್ಲ. ಅರ್ಧ ಗಂಟೆಯ ಕೆಲಸ, ಕಾಸೂ ಕಡಿಮೆ. ಎರಡು ಬೇಸಿಗೆಗೆ ಅಂಚು ಸುರುಳಿ ಎದ್ದು, ಒತ್ತು ಹಾರಿಹೋಗಿ ಸ್ವಾಮಿಯ ಹೆಸರೇ ತಪ್ಪಾಗುತ್ತದೆ ಅನ್ನುವುದು ಬೇರೆ ಮಾತು.

ಕಲ್ಲಿನ ಮೇಲೊಂದು ಸಹಿ

ಲೇಲ್ಯಾಂಡ್ ಗಾಡಿ ಹಿಡಿದು ಬಂದವರಿಗೆ ಇನ್ನೊಂದು ಭ್ರಮೆ. ‘ಅಶೋಕ’ ಅಂದರೆ ಸಾಮ್ರಾಟ ಅಶೋಕ, ಆದ್ದರಿಂದ ಚಕ್ರ ಬರೆಸೋಣ ಅಂತ. ಅದಲ್ಲ. 1948ರಲ್ಲಿ ಅಶೋಕ್ ಮೋಟಾರ್ಸ್ ಶುರು ಮಾಡಿದ ರಘುನಂದನ್ ಸರಣ್ ಮಗನ ಹೆಸರು ಅಶೋಕ್. ಇಂಗ್ಲೆಂಡಿನ ಲೇಲ್ಯಾಂಡ್ ಸೇರಿಕೊಂಡು 1955ರಲ್ಲಿ ಎರಡು ಹೆಸರು ಒಂದಾಯಿತು.

ಆದರೆ ನಿಜವಾದ ಅಶೋಕ ಮೊಳಕಾಲ್ಮುರು ತಾಲ್ಲೂಕಿಗೆ ಬೇಕಾದವನೇ. ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರ, ಮೂರು ಕಡೆ ಅವನ ಶಾಸನವಿದೆ. 1892ರಲ್ಲಿ ಬಿ.ಎಲ್. ರೈಸ್ ಪತ್ತೆ ಮಾಡಿದ್ದು. ಅದರ ಕೊನೆಯಲ್ಲಿ ಬರೆದವನ ಹೆಸರಿದೆ: ಚಪಡ. ಬರೆದದ್ದೆಲ್ಲ ಬ್ರಾಹ್ಮಿಯಲ್ಲಿ. ತಾನು ಲಿಪಿಕಾರ ಅನ್ನುವುದನ್ನು ಮಾತ್ರ ವಾಯವ್ಯ ದಿಕ್ಕಿನ, ಬಲದಿಂದ ಎಡಕ್ಕೆ ಓಡುವ ಖರೋಷ್ಠಿಯಲ್ಲಿ ಹಾಕಿದ್ದಾನೆ. ಇಲ್ಲಿಯ ಯಾರಿಗೂ ಓದಲು ಬಾರದ ಲಿಪಿ! ಚಕ್ರವರ್ತಿಯ ಮಾತಿನ ಬುಡದಲ್ಲಿ ಕೆಲಸಗಾರನ ಜಂಬ. ಎರಡು ಸಾವಿರದ ಇನ್ನೂರು ವರ್ಷ ದಾಟಿದರೂ ಅಳಿಸಿಲ್ಲ.

ಲಾರಿ ಬಣ್ಣದವರಿಗೂ ಇದೇ ಚಟ. ಎಲ್ಲ ಮುಗಿದ ಮೇಲೆ ಹಿಂದಿನ ಹಲಗೆಯ ಮೂಲೆಯಲ್ಲೋ, ಬಾಗಿಲ ಕೆಳಗೋ, ಎರಡು ಬೆರಳಗಲದಲ್ಲಿ ಅಂಗಡಿಯ ಹೆಸರು, ಊರು. ಅದಕ್ಕೆ ಯಾರೂ ದುಡ್ಡು ಕೊಡುವುದಿಲ್ಲ, ಯಾರೂ ಬೇಡ ಅನ್ನುವುದೂ ಇಲ್ಲ. ಹಳೇ ಲಾರಿ ಕೆರೆಯುವಾಗ ಒಂದು ಪದರದ ಕೆಳಗೆ ಇನ್ನೊಂದು ಸಹಿ ಸಿಗುತ್ತದೆ. ಅಂಗಡಿ ಮುಚ್ಚಿ ಯಾವ ಕಾಲವೋ, ಬರೆದವನು ಇದ್ದಾನೋ ಇಲ್ಲವೋ. ಪೇಂಟ್ ರಿಮೂವರ್ ಹಚ್ಚಿ ಸಲಾಕೆ ಎಳೆದರೆ ಒಂದು ನಿಮಿಷದ ಕೆಲಸ.

“ಅದು ಯಾಕೆ ಮೇಸ್ತ್ರಿ, ಕೆರೆದು ಹಾಕಿ. ನಿಮ್ಮ ಹೆಸರು ಬರ್ಕಳಿ.”

“ತಡೀರಿ ಸಾವ್ಕಾರ್ರೆ. ಅದರ ಮೇಲೆ ಟ್ರೇಸ್ ಪೇಪರ್ ಇಟ್ಟು ಅಚ್ಚು ತಕ್ಕೊಂತೀನಿ. ಬಣ್ಣ ಆದ್ಮೇಲೆ ಅದೇ ಜಾಗಕ್ಕೆ ಬರಿಯಾನ. ನಂದು ಅದರ ಕೆಳಗೆ ಇರ್ಲಿ, ಚಿಕ್ಕದಾಗಿ.”