ಮುಸ್ಸಂಜೆಯಲ್ಲಿ ಮನೆಗೆ ಬರುವ ಹೆಜ್ಜಾರ್ಲೆಗಳು

ಸೌಟು ಹಿಡಿಯುವ ಕೈಗೆ ಕ್ಯಾಮೆರಾ ಯಾಕೆ ಎಂದು ನೀವು ನಗಬಹುದು. ನಮ್ಮ ಯಜಮಾನರೂ ನಕ್ಕರು. ಎಸ್ಸೆಸ್ಸೆಲ್ಸಿಗೇ ಓದು ಮುಗಿಸಿ, ನಲವತ್ತು ದಾಟಿದ ಮೇಲೆ, ಅದೂ ಹಾರುವ ಹಕ್ಕಿಯ ಫೋಟೋ, ಅದೂ ಕತ್ತಲಾಗುವ ಹೊತ್ತಿನಲ್ಲಿ! ಆದರೆ ಸೋದರಿಯರೇ, ನಾನು ಇದನ್ನು ಷೋಕಿಗೆ ಕಲಿಯಲಿಲ್ಲ. ನಮ್ಮ ಅತ್ತೆಯವರಿಗಾಗಿ ಕಲಿತೆ.

ಅತ್ತೆಯವರ ತವರು ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರು. ಬೆಂಗಳೂರಿನಿಂದ ಸುಮಾರು 80 ಕಿಲೋಮೀಟರ್. ಅಲ್ಲಿ ಹೆಜ್ಜಾರ್ಲೆಗಳೂ ಬಣ್ಣದ ಕೊಕ್ಕರೆಗಳೂ ಊರ ನಡುವಿನ ಹುಣಸೆ, ಆಲದ ಮರಗಳ ಮೇಲೇ ಗೂಡು ಕಟ್ಟುತ್ತವೆ. ಚಳಿಗಾಲದಲ್ಲಿ ಬಂದು, ಮೊಟ್ಟೆಯಿಟ್ಟು, ಮರಿಗಳನ್ನು ದೊಡ್ಡದು ಮಾಡಿಕೊಂಡು ಮಳೆ ಹಿಡಿಯುವ ಹೊತ್ತಿಗೆ ಹೊರಡುತ್ತವೆ. ಹೆಣ್ಣುಮಕ್ಕಳು ಬಾಣಂತನಕ್ಕೆ ತವರಿಗೆ ಬಂದಿದ್ದಾರೆ ಅಂತಲೇ ಊರಿನವರ ಮಾತು. ಮರದ ಬುಡದಲ್ಲಿ ಬೀಳುವ ಹಿಕ್ಕೆ ಹೊಲಕ್ಕೆ ಒಳ್ಳೆ ಗೊಬ್ಬರ. 2007ರಲ್ಲಿ ಸರ್ಕಾರ ಈ ಊರನ್ನು ಸಮುದಾಯ ಮೀಸಲು ಪ್ರದೇಶವೆಂದು ಘೋಷಿಸಿತು. ಅದಕ್ಕೆ ಎಷ್ಟೋ ತಲೆಮಾರು ಮೊದಲೇ ಊರಿನವರು ಈ ಹಕ್ಕಿಗಳನ್ನು ತಮ್ಮವೆಂದು ಕಾಪಾಡಿಕೊಂಡು ಬಂದಿದ್ದರು.

ಅತ್ತೆಯವರಿಗೆ ಎರಡು ವರ್ಷದ ಹಿಂದೆ ಗ್ಲಾಕೋಮಾ ಇದೆಯೆಂದು ತಿಳಿಯಿತು. ಕಣ್ಣಿನೊಳಗಿನ ನರ ಸದ್ದಿಲ್ಲದೆ ಸವೆಯುವ ರೋಗ. ಹೋದ ದೃಷ್ಟಿ ಮರಳದು, ಉಳಿದದ್ದನ್ನು ತೊಟ್ಟು ಹಾಕಿ ಕಾಪಾಡಿಕೊಳ್ಳಬೇಕು ಎಂದರು ಡಾಕ್ಟರು. ಹಗಲಿನಲ್ಲಿ ನೇರ ಎದುರಿಗೆ ಹಿಡಿದದ್ದು ಅವರಿಗೆ ಇನ್ನೂ ಕಾಣುತ್ತದೆ. ಆದರೆ ಪಕ್ಕದಿಂದ ಬಂದದ್ದು, ಮಬ್ಬಿನಲ್ಲಿ ಓಡಾಡುವುದು ಕಾಣುವುದಿಲ್ಲ. ಒಂದು ದಿನ ಅಕ್ಕಿ ಆರಿಸುತ್ತಾ, "ಸಂಜೆ ಹೊತ್ತು ಹೆಜ್ಜಾರ್ಲೆ ಮರಕ್ಕೆ ಬರೋದನ್ನ ಇನ್ನೊಂದು ಸಲ ನೋಡ್ಬೇಕಿತ್ತು ಕಣೇ, ಆದ್ರೆ ಆ ಹೊತ್ತಿಗೆ ನಂಗೆ ಎಲ್ಲಾ ಮಂಜು" ಅಂದರು.

ಹಾರುವ ಹಕ್ಕಿಯನ್ನು ನಿಲ್ಲಿಸಿ, ಮುಸ್ಸಂಜೆಯನ್ನು ಹಗಲಿಗೆ ತಂದುಕೊಟ್ಟರೆ ಅತ್ತೆ ನೋಡಬಹುದಲ್ಲ! ಮಗ ಕೆಲಸಕ್ಕೆ ಹೋಗುವಾಗ ಬಿಟ್ಟುಹೋದ ಕ್ಯಾಮೆರಾ, 300 ಮಿಲಿಮೀಟರಿನ ಲೆನ್ಸ್ ಸಮೇತ, ಬೀರುವಿನಲ್ಲಿತ್ತು. ಅದನ್ನು ಹೊರಗೆ ತೆಗೆದೆ.

ಉಪ್ಪು, ಹುಳಿ, ಖಾರ

ಮೊದಲ ಸಂಜೆ ನಲವತ್ತು ಫೋಟೋ ತೆಗೆದೆ. ನಲವತ್ತರಲ್ಲೂ ಹಿಟ್ಟು ಚೆಲ್ಲಿದ ಹಾಗೆ ಬಿಳಿ ಕಲೆ. ಫೋನಿನಲ್ಲಿ ಮಗನಿಗೆ ಕೇಳಿದಾಗ, "ಅಮ್ಮಾ, ಸಾರಿಗೆ ಉಪ್ಪು ಹುಳಿ ಖಾರ ಇದ್ದ ಹಾಗೆ ಇದರಲ್ಲೂ ಮೂರಿದೆ" ಎಂದು ಹೇಳಿಕೊಟ್ಟ. ನಿಮಗೂ ಹೇಳುತ್ತೇನೆ.

ಒಂದು, ಷಟರ್ ವೇಗ, ಅಂದ್ರೆ ಬಾಗಿಲು ಎಷ್ಟು ಹೊತ್ತು ತೆರೆದಿರುತ್ತದೆ ಎಂಬುದು. ಎರಡು, ಅಪರ್ಚರ್, ಅಂದ್ರೆ ಕಿಟಕಿ ಎಷ್ಟು ಅಗಲ ತೆರೆದಿದೆ ಎಂಬುದು. ಇದರಲ್ಲಿ ಎಫ್ ಸಂಖ್ಯೆ ಚಿಕ್ಕದಾದಷ್ಟೂ ಕಿಟಕಿ ದೊಡ್ಡದು. ಮೂರು, ಐ.ಎಸ್.ಒ., ಅಂದ್ರೆ ಬಂದ ಬೆಳಕನ್ನು ಎಷ್ಟು ಹೆಚ್ಚಿಸಿಕೊಳ್ಳಬೇಕು ಎಂಬುದು. ಇದನ್ನು ಏರಿಸಿದರೆ ಚಿತ್ರದ ಮೇಲೆ ರವೆ ಉದುರಿಸಿದ ಹಾಗೆ ಕಾಳುಕಾಳು ಕಾಣುತ್ತದೆ.

ಸೂರ್ಯ ಮುಳುಗಿದ ಮೇಲೆ ನನ್ನ ಕ್ಯಾಮೆರಾ ಎಫ್ 5.6, ಐ.ಎಸ್.ಒ. 400ಕ್ಕೆ ಸೆಕೆಂಡಿನ 60ನೇ ಒಂದು ಭಾಗ ಬಾಗಿಲು ತೆರೆಯುತ್ತಿತ್ತು. ರೆಕ್ಕೆ ಬಡಿಯುವ ಹಕ್ಕಿಗೆ ಅದು ಬಹಳ ಹೊತ್ತಾಯಿತು. ನನಗೆ 500ನೇ ಒಂದು ಭಾಗ ಬೇಕು. ಸಮಯ ಎಂಟು ಪಾಲು ಕಡಿಮೆಯಾದರೆ ಐ.ಎಸ್.ಒ. ಎಂಟು ಪಾಲು ಹೆಚ್ಚಬೇಕು, ಅಂದ್ರೆ 3200. ಕಿಟಕಿ ಆಗಲೇ ಪೂರ್ತಿ ತೆರೆದಿತ್ತು. ಕಾಳುಕಾಳಾದರೂ ಆಗಲಿ ಎಂದು ಒಪ್ಪಿಕೊಂಡೆ. ರವೆ ಬಿದ್ದ ಹಕ್ಕಿ ಹಕ್ಕಿಯೇ, ಆದರೆ ಚೆಲ್ಲಿದ ಹಿಟ್ಟು ಹಕ್ಕಿಯಲ್ಲ. ಹೆಜ್ಜಾರ್ಲೆ ದೊಡ್ಡ ಹಕ್ಕಿ, ನಿಧಾನವಾಗಿ ರೆಕ್ಕೆ ಬಡಿಯುತ್ತದೆ. ಅದಕ್ಕೇ 500 ಸಾಕಾಯಿತು. ಗುಬ್ಬಿ, ಮಿಂಚುಳ್ಳಿಗಳಿಗಾದರೆ 2000ವೂ ಬೇಕಾದೀತು, ಅದಕ್ಕೆ ಹಗಲೇ ವಾಸಿ.

ಅನುಭವದಿಂದ ಕಲಿತದ್ದು

ಹಕ್ಕಿಗಳು ಇಳಿಯುವಾಗ ಗಾಳಿಗೆ ಎದುರಾಗಿ ಬರುತ್ತವೆ. ಒಣಹಾಕಿದ ಸೀರೆ ಯಾವ ಕಡೆಗೆ ಹಾರುತ್ತಿದೆ ನೋಡಿಕೊಳ್ಳಿ. ಗಾಳಿ ನಿಮ್ಮ ಬೆನ್ನಿಗಿದ್ದರೆ ಹಕ್ಕಿ ನಿಮ್ಮ ಮುಖಕ್ಕೇ ಬರುತ್ತದೆ. ಸಂಜೆಯಾದರೆ ಪಡುವಣ ದಿಕ್ಕನ್ನು ಬೆನ್ನಿಗಿಟ್ಟುಕೊಳ್ಳಿ, ಉಳಿದ ಬೆಳಕು ಹಕ್ಕಿಯ ಮೇಲೆ ಬೀಳುತ್ತದೆ.

ಹಕ್ಕಿ ಹತ್ತಿರ ಬಂದ ಮೇಲೆ ಕ್ಯಾಮೆರಾ ಎತ್ತಿದರೆ ಕೆಲಸ ಕೆಟ್ಟಿತು. ದೂರದಿಂದಲೇ ಹಿಡಿದು, ಸೊಂಟ ತಿರುಗಿಸುತ್ತಾ ಹಿಂಬಾಲಿಸಿ, ಗುಂಡಿ ಒತ್ತಿದ ಮೇಲೂ ತಿರುಗುತ್ತಲೇ ಇರಿ. ರಂಗೋಲಿ ಎಳೆ ಎಳೆಯುವಾಗ ಕೈ ತಡೆದರೆ ಎಳೆ ಕಡಿಯುವುದಿಲ್ಲವೇ, ಹಾಗೆ. ಮಬ್ಬಿನಲ್ಲಿ ಕ್ಯಾಮೆರಾ ಹಕ್ಕಿಯನ್ನು ಹುಡುಕಿ ತಡವರಿಸುತ್ತದೆ. ಅಷ್ಟೇ ದೂರದ ಮರದ ಕೊಂಬೆಯ ಮೇಲೆ ಮೊದಲೇ ಹೊಂದಿಸಿಟ್ಟರೆ ಬೇಗ ಸಿಗುತ್ತದೆ. ಹಿಂದೆ ಆಕಾಶ ಬೆಳ್ಳಗಿದ್ದರೆ ಹಕ್ಕಿ ಕರ್ರಗಾಗುತ್ತದೆ, ಆಗ ಎಕ್ಸ್‌ಪೋಷರನ್ನು ಒಂದು ಮೆಟ್ಟಿಲು ಹೆಚ್ಚಿಸಬೇಕು. ಎಲ್ಲಕ್ಕಿಂತ ಒಳ್ಳೆಯ ಗಳಿಗೆ ಹಕ್ಕಿ ಗೂಡಿಗೆ ಇಳಿಯುವಾಗ. ರೆಕ್ಕೆ ಹರಡಿ, ಕಾಲು ಕೆಳಗೆ ಬಿಟ್ಟು, ಗಾಳಿಯಲ್ಲಿ ಅರೆಕ್ಷಣ ನಿಂತ ಹಾಗಿರುತ್ತದೆ. ಅದನ್ನು ಕಾಯಿರಿ.

ಇನ್ನೊಂದು ಮಾತು. ಎರಡನೆಯ ಸಂಜೆ ಯಾರೋ ಒಬ್ಬರು ಹಕ್ಕಿ ಹಾರಲೆಂದು ಮರದ ಕೆಳಗೆ ನಿಂತು ಜೋರಾಗಿ ಚಪ್ಪಾಳೆ ತಟ್ಟಿದರು. ತಾಯಿ ಎದ್ದು ಹೋದರೆ ಗೂಡಿನ ಮೊಟ್ಟೆ ಮರಿಗಳ ಮೇಲೆ ಕಾಗೆ ಹದ್ದುಗಳ ಕಣ್ಣು. ಕಸ ಗುಡಿಸುತ್ತಿದ್ದ ಅಜ್ಜಿಯೊಬ್ಬರು ಪೊರಕೆ ಹಿಡಿದೇ ಬಂದು, "ಬಾಣಂತಿ ಕೋಣೆ ಮುಂದೆ ಹಿಂಗೇ ತಟ್ತೀಯೇನಪ್ಪಾ?" ಎಂದರು. ನಾನೂ ಫ್ಲಾಷ್ ಹಾಕೋಣವೇ ಎಂದು ಯೋಚಿಸುತ್ತಿದ್ದವಳು, ನಾಚಿ ಸುಮ್ಮನಾದೆ. ಫ್ಲಾಷ್ ಬೇಡ, ಸದ್ದು ಬೇಡ. ಫೋಟೋ ಸಿಗದಿದ್ದರೆ ನಾಳೆ ಬನ್ನಿ.

ನಾನು ನಾಲ್ಕು ಸಲ ಹೋದೆ. ಬೆಳಗ್ಗೆಯೇ ಎರಡು ಹೊತ್ತಿನ ಅಡಿಗೆ ಮಾಡಿಟ್ಟು ಬಸ್ಸು ಹತ್ತುತ್ತಿದ್ದೆ. ನಾಲ್ಕನೆಯ ಸಲ ಒಂದು ಸಿಕ್ಕಿತು. ಸ್ಟುಡಿಯೋದಲ್ಲಿ ಕ್ಯಾಲೆಂಡರಿನಷ್ಟು ದೊಡ್ಡದಾಗಿ ಹಾಕಿಸಿದೆ.

ಮಾರನೆಯ ಬೆಳಗ್ಗೆ ಅತ್ತೆಯವರನ್ನು ಜಗಲಿಯ ಬಿಸಿಲಿಗೆ ಕೂರಿಸಿ ಚಿತ್ರವನ್ನು ನೇರ ಎದುರಿಗೆ ಹಿಡಿದೆ. ಬಹಳ ಹೊತ್ತು ನೋಡಿದರು. ಮುಖ ಸ್ವಲ್ಪ ಅತ್ತ ಇತ್ತ ತಿರುಗಿಸಿ, ಕಾಣದ ಜಾಗವನ್ನು ಕಾಣುವ ಜಾಗಕ್ಕೆ ತಂದುಕೊಂಡರು. ಚೆನ್ನಾಗಿದೆ ಎನ್ನುತ್ತಾರೆಂದು ನಾನು ಕಾದಿದ್ದೆ.

"ಬಾಯಲ್ಲಿ ಕಡ್ಡಿ ಇದೆ ನೋಡು," ಅಂದರು. "ಗಂಡು ಕಣೇ ಇದು. ಕಡ್ಡಿ ತಂದ್ಕೊಡೋದು ಅವನು, ಜೋಡಿಸೋದು ಅವಳು. ಇನ್ನೂ ಗೂಡು ಕಟ್ತಾ ಇದಾವೆ ಅಂದ್ರೆ ಮರಿ ಆಗೋಕೆ ತಡ ಇದೆ."

ನಾಲ್ಕು ದಿನ ನೋಡಿದ್ದರೂ, ನೂರಾರು ಸಲ ಗುಂಡಿ ಒತ್ತಿದ್ದರೂ, ಆ ಕಡ್ಡಿ ನನ್ನ ಕಣ್ಣಿಗೆ ಬಿದ್ದಿರಲಿಲ್ಲ.

ಆ ಚಿತ್ರ ಈಗ ಅತ್ತೆಯವರ ಮಂಚದ ಎದುರಿನ ಗೋಡೆಯಲ್ಲಿದೆ. ಬೆಳಗಿನ ತೊಟ್ಟು ಹಾಕಿಸಿಕೊಂಡು ಕಣ್ಣು ಬಿಟ್ಟರೆ ಮೊದಲು ಅದನ್ನೇ ನೋಡುತ್ತಾರೆ.

ಕೊನೆಗೆ ಒಂದು ಕಿವಿಮಾತು. ಕ್ಯಾಮೆರಾ ಹಿಡಿಯದಿದ್ದರೂ ಚಿಂತೆಯಿಲ್ಲ. ನಲವತ್ತು ದಾಟಿದ್ದರೆ, ಅದರಲ್ಲೂ ತಾಯಿ ತಂದೆಗೋ ಒಡಹುಟ್ಟಿದವರಿಗೋ ಗ್ಲಾಕೋಮಾ ಇದ್ದರೆ, ಕಣ್ಣಿನ ಒತ್ತಡವನ್ನೂ ನರವನ್ನೂ ತಪ್ಪದೆ ತೋರಿಸಿಕೊಳ್ಳಿ. ಹೆಚ್ಚಾಗಿ ನೋವಿಲ್ಲದೆ, ಕೆಂಪಾಗದೆ ಬರುವ ರೋಗ ಇದು. ನಮ್ಮ ಅತ್ತೆ ಐದು ವರ್ಷ ಮೊದಲೇ ತೋರಿಸಿಕೊಂಡಿದ್ದರೆ ಈ ಸಂಜೆಗಳನ್ನು ಅವರೇ ನೋಡುತ್ತಿದ್ದರೇನೋ.