ಇಲ್ಲಿಯ ನೂರು ಅಲ್ಲಿ ಎಷ್ಟು?

"ಸರ್, ಇವನನ್ನು ಬೆಂಗಳೂರಿಗೆ ಯಾವಾಗ ಕಳಿಸುವುದು?"

ನೆಹರೂ ಮೈದಾನದ ಬದಿಯಲ್ಲಿ ನಾಲ್ಕು ದಿನ ನಿಂತರೆ ಈ ಪ್ರಶ್ನೆ ಒಮ್ಮೆಯಾದರೂ ಕಿವಿಗೆ ಬೀಳುತ್ತದೆ. ಸ್ಕೂಟರಿನ ಮುಂದೆ ಮಗನ ಕಿಟ್ ಬ್ಯಾಗ್ ಇಟ್ಟುಕೊಂಡು ಬಂದ ಅಪ್ಪ ಕೇಳುತ್ತಾರೆ, ಇಲ್ಲವೇ ಆಫೀಸು ಮುಗಿಸಿ ನೇರ ಇಲ್ಲಿಗೇ ಬಂದ ಅಮ್ಮ ಕೇಳುತ್ತಾರೆ. ಮಗ ಹಿಂದಿನ ವಾರ ಯಾವುದೋ ಶಾಲಾ ಪಂದ್ಯದಲ್ಲಿ ನೂರು ಹೊಡೆದಿರುತ್ತಾನೆ. ಕೋಚ್ ಒಂದು ಕ್ಷಣ ಸುಮ್ಮನಿದ್ದು, "ನೋಡುವ, ಇನ್ನೊಂದು ಸೀಸನ್ ಆಗಲಿ ಮಾರಾಯ್ರೇ" ಎಂದು ನೆಟ್ಸ್ ಕಡೆ ತಿರುಗುತ್ತಾರೆ. ಜಾರಿಕೊಳ್ಳುವ ಉತ್ತರ ಎಂದೇ ನಾನು ಬಹಳ ವರ್ಷ ತಿಳಿದಿದ್ದೆ. ಆ ಒಂದು ಸೀಸನ್ನಿನ ಲೆಕ್ಕ ಏನೆಂದು ತಿಳಿದದ್ದು ಈ ಕರಾವಳಿಯ ಇಬ್ಬರು ಆಟಗಾರರ ಕತೆಗಳನ್ನು ಪಕ್ಕಪಕ್ಕ ಇಟ್ಟು ಓದಿದಾಗ. ಒಬ್ಬರು ಮೂಲ್ಕಿಯಲ್ಲಿ ಹುಟ್ಟಿದವರು, ಇನ್ನೊಬ್ಬರು ಸುರತ್ಕಲ್‌ನಲ್ಲಿ ಬೆಳೆದವರು. ಊರಿನಿಂದ ಊರಿಗೆ ಬಸ್ಸಿನಲ್ಲಿ ಅರ್ಧ ಗಂಟೆಯ ದಾರಿ, ಇಬ್ಬರ ನಡುವೆ ಅರ್ಧ ಶತಮಾನದ ಅಂತರ.

ಮೂಲ್ಕಿಯವರು ಬುಧಿ ಕುಂದರನ್. 1939ರ ಅಕ್ಟೋಬರ್ 2ರಂದು ಹುಟ್ಟಿದವರು. ಆ ಕಾಲದ ಕರಾವಳಿಯ ಎಷ್ಟೋ ಮಂದಿಗೆ ದಾರಿ ತೋರಿಸಿದ ಬೊಂಬಾಯಿಯೇ ಅವರ ಕ್ರಿಕೆಟ್ಟಿಗೂ ದಾರಿ ತೋರಿಸಿತು. 1960ರ ಜನವರಿ 1ರಂದು ಬ್ರೆಬೋರ್ನ್ ಸ್ಟೇಡಿಯಂನಲ್ಲಿ ಶುರುವಾದ ಟೆಸ್ಟ್‌ನಲ್ಲಿ ರಿಚಿ ಬೆನೊ ಅವರ ಆಸ್ಟ್ರೇಲಿಯಾ ವಿರುದ್ಧ ವಿಕೆಟ್ ಹಿಂದೆ ನಿಂತಾಗ ಅವರಿಗೆ 20 ವರ್ಷ. ಅಷ್ಟರ ತನಕ ಅವರು ಒಂದೇ ಒಂದು ರಣಜಿ ಪಂದ್ಯ ಆಡಿರಲಿಲ್ಲ. ಏಣಿಯ ನಡುವಿನ ಮೆಟ್ಟಿಲಿನ ಮೇಲೆ ಕಾಲಿಡದೆ ಅಟ್ಟಕ್ಕೇ ಹತ್ತಿದ ಹಾಗೆ. ಮುಂದಿನ ಮದ್ರಾಸ್ ಟೆಸ್ಟ್‌ನಲ್ಲಿ ಇನಿಂಗ್ಸ್ ಆರಂಭಿಸಿ 71 ರನ್ ಹೊಡೆದರು. ರೈಲ್ವೇಸ್ ಪರ ಮೊದಲ ರಣಜಿ ಪಂದ್ಯ ಆಡಿದ್ದು ಆಮೇಲೆ. ಜಮ್ಮು ಮತ್ತು ಕಾಶ್ಮೀರದ ವಿರುದ್ಧದ ಆ ಪಂದ್ಯದಲ್ಲಿ ಅವರ ಗಳಿಕೆ 205.

ಯಾರದೋ ಕಣ್ಣು ಸರಿಯಾಗಿ ನೋಡಿತ್ತು, ಅಷ್ಟೇ. ಆದರೆ ಕಣ್ಣು ಏನನ್ನು ನೋಡಿತು ಎಂಬುದನ್ನು ಯಾರೂ ಬರೆದಿಡಲಿಲ್ಲ. ಹಾಗಾಗಿ ಅದನ್ನು ಮುಂದಿನ ಹುಡುಗನಿಗೆ ಅನ್ವಯಿಸಲು ಆಗಲಿಲ್ಲ. 1964ರಲ್ಲಿ ಇಂಗ್ಲೆಂಡ್ ವಿರುದ್ಧ ಮದ್ರಾಸ್‌ನಲ್ಲಿ 192, ಇಡೀ ಸರಣಿಯಲ್ಲಿ 525 ರನ್ ಹೊಡೆದ ಮೇಲೂ ಕುಂದರನ್ ತಂಡದೊಳಗೆ, ಹೊರಗೆ, ಮತ್ತೆ ಒಳಗೆ ಎಂದು ಓಡಾಡಬೇಕಾಯಿತು. ಎದುರಿಗೆ ಫಾರೂಕ್ ಎಂಜಿನಿಯರ್ ಅವರಂಥ ವಿಕೆಟ್ ಕೀಪರ್ ಇದ್ದರು ಎನ್ನುವುದೂ ನಿಜ. 18 ಟೆಸ್ಟ್‌ಗಳಿಗೆ ಎಲ್ಲ ಮುಗಿಯಿತು. ಕೊನೆಯ ಟೆಸ್ಟ್ 1967ರಲ್ಲಿ. ಬಳಿಕ ಅವರು ಸ್ಕಾಟ್ಲೆಂಡಿಗೆ ಹೋಗಿ ನೆಲೆಸಿದರು, 2006ರಲ್ಲಿ ಗ್ಲಾಸ್ಗೋದಲ್ಲಿ ತೀರಿಕೊಂಡರು. ಮೂಲ್ಕಿಯ ಪೇಟೆಯಲ್ಲಿ ಅವರ ಹೆಸರು ಹೇಳಿದರೆ ಇಂದಿನ ಎಷ್ಟು ಹುಡುಗರು ತಲೆ ಆಡಿಸಿಯಾರು? ಆ ಯೋಚನೆ ಬಂದಾಗಲೆಲ್ಲ ನನಗೆ ಸಂಕಟವಾಗುತ್ತದೆ.

ಕುಂದರನ್ ಅವರನ್ನು ಆರಿಸಿದ ಕಣ್ಣಿನ ಲೆಕ್ಕವನ್ನು ಕಾಗದದ ಮೇಲೆ ಇಳಿಸುವ ಪ್ರಯತ್ನ ನಡೆದದ್ದು ನಮ್ಮ ಆಟದಲ್ಲಿ ಅಲ್ಲವೇ ಅಲ್ಲ, ಅಮೆರಿಕದ ಬೇಸ್‌ಬಾಲ್‌ನಲ್ಲಿ. ಅಲ್ಲಿ ಸೇಂಟ್ ಲೂಯಿಸ್ ಕಾರ್ಡಿನಲ್ಸ್ ತಂಡವನ್ನು ನಡೆಸುತ್ತಿದ್ದ ಬ್ರಾಂಚ್ ರಿಕಿ 1920ರ ದಶಕದಲ್ಲೇ ಸಣ್ಣ ಊರುಗಳ ತಂಡಗಳನ್ನು ಒಂದೊಂದಾಗಿ ಕೈಗೆ ತೆಗೆದುಕೊಂಡು ಮೆಟ್ಟಿಲು ಮೆಟ್ಟಿಲಾಗಿ ಹುಡುಗರನ್ನು ಬೆಳೆಸುವ ವ್ಯವಸ್ಥೆ ಕಟ್ಟಿದ್ದರು. ಗದ್ದೆಯಲ್ಲಿ ಬೆಳೆ ತೆಗೆದ ಹಾಗೆ ಆಟಗಾರರನ್ನು ತೆಗೆಯುವ ಆ ಪದ್ಧತಿಯನ್ನು ಅಲ್ಲಿಯವರು ಫಾರ್ಮ್ ಎಂದೇ ಕರೆದರು. ಏಣಿಯೇನೋ ಸಿದ್ಧವಾಯಿತು. ಆದರೆ ಕೆಳಗಿನ ಮೆಟ್ಟಿಲಿನಲ್ಲಿ ಮಿಂಚಿದವನು ಮೇಲೆ ಹೋಗಿ ಏನು ಮಾಡಿಯಾನು ಎಂದು ಹೇಳಲು ಆಗುವುದಿಲ್ಲ, ಕೆಳಗಿನ ಅಂಕಿಗಳಿಗೆ ಬೆಲೆಯಿಲ್ಲ ಎಂಬ ನಂಬಿಕೆ ಆರು ದಶಕ ಹಾಗೆಯೇ ಉಳಿಯಿತು.

ಅದನ್ನು ಅಲುಗಿಸಿದವರು ಬಿಲ್ ಜೇಮ್ಸ್. ಕಾನ್ಸಸ್ ರಾಜ್ಯದಲ್ಲಿ ಡಬ್ಬಿ ಆಹಾರದ ಕಾರ್ಖಾನೆಯೊಂದರಲ್ಲಿ ರಾತ್ರಿ ಕಾವಲುಗಾರನಾಗಿದ್ದುಕೊಂಡು, ಬೇಸ್‌ಬಾಲ್ ಅಂಕಿಗಳನ್ನು ಕೂಡಿ ಕಳೆದು 1977ರಲ್ಲಿ ತಾವೇ ಪುಸ್ತಕ ಅಚ್ಚು ಹಾಕಿಸಿದವರು. ಆಮೇಲೆ ವರ್ಷಕ್ಕೊಂದು ಪುಸ್ತಕ ಬಂತು. 1985ರದ್ದರಲ್ಲಿ ಅವರು ತೋರಿಸಿದ್ದು ಇಷ್ಟು: ಕೆಳಗಿನ ಲೀಗಿನ ಬ್ಯಾಟಿಂಗ್ ಅಂಕಿಗಳು ಮೇಲಿನ ಆಟವನ್ನು ಚೆನ್ನಾಗಿಯೇ ಹೇಳುತ್ತವೆ. ಆದರೆ ಅವನ್ನು ಹಾಗೆ ಹಾಗೆಯೇ ಓದಬಾರದು. ಆ ಲೀಗಿನಲ್ಲಿ ರನ್ ಸುಲಭವೋ ಕಷ್ಟವೋ, ಆ ಮೈದಾನ ಚಿಕ್ಕದೋ ದೊಡ್ಡದೋ ನೋಡಿ ಸರಿಪಡಿಸಬೇಕು. ಆಮೇಲೆ ಮೇಲಿನ ಬೌಲರ್‌ಗಳ ಮಟ್ಟಕ್ಕೆಂದು ಒಂದು ಪಾಲು ಕಡಿತ ಮಾಡಬೇಕು. ಒಂದು ದೇಶದ ಹಣವನ್ನು ಇನ್ನೊಂದು ದೇಶದ ಹಣಕ್ಕೆ ಬದಲಾಯಿಸುವ ಲೆಕ್ಕದ ಹಾಗೆ. ಗಲ್ಫ್‌ನಿಂದ ಬರುವ ಹಣವನ್ನು ಎಣಿಸಿ ಬೆಳೆದ ಊರು ಮಂಗಳೂರು, ಈ ಲೆಕ್ಕವನ್ನು ನಮಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ಇದನ್ನು ಓದಿದ ದಿನ ನನ್ನ ಕಣ್ಣ ಮುಂದೆ ಬಂದದ್ದು ನೆಹರೂ ಮೈದಾನ. ಇಲ್ಲಿಯ ನೂರು ಅಲ್ಲಿ ಎಷ್ಟು? ಕರಾವಳಿಯ ಹುಡುಗ ಆಟ ಕಲಿಯುವುದೇ ಕೊಯ್ಲು ಮುಗಿದ ಗದ್ದೆಯ ಟೆನಿಸ್ ಬಾಲ್ ಪಂದ್ಯಗಳಲ್ಲಿ, ಅಂಡರ್‌ಆರ್ಮ್ ಟೂರ್ನಮೆಂಟುಗಳಲ್ಲಿ. ಲೆದರ್ ಬಾಲ್ ಹಿಡಿದರೂ ಬಹಳ ಕಾಲ ಇಲ್ಲಿಯ ಆಟ ಮ್ಯಾಟಿಂಗ್ ಮೇಲೆಯೇ ನಡೆಯಿತು. ಮ್ಯಾಟಿನ ಮೇಲೆ ಚೆಂಡು ಒಂದೇ ಎತ್ತರಕ್ಕೆ ಪುಟಿಯುತ್ತದೆ. ಹುಲ್ಲು ಬಿಟ್ಟ ಟರ್ಫ್ ಪಿಚ್ಚಿನಲ್ಲಿ ಅದೇ ಚೆಂಡು ನೆಲಕ್ಕೆ ಬಿದ್ದ ಮೇಲೆ ಮನಸ್ಸು ಬದಲಾಯಿಸುತ್ತದೆ. ಜೂನ್ ಬಂದರೆ ಆಟವೇ ನಿಂತಿತು, ಸೆಪ್ಟೆಂಬರ್ ತನಕ ಮೈದಾನ ಮಳೆಗೆ ಸೇರಿದ್ದು. ಬೆಂಗಳೂರಿನ ಹುಡುಗ ಅಷ್ಟರಲ್ಲಿ ಎಷ್ಟೋ ಹೆಚ್ಚು ಇನಿಂಗ್ಸ್ ಆಡಿರುತ್ತಾನೆ. ಹಾಗಾದರೆ ಇಲ್ಲಿಯ ನೂರನ್ನು ಅರವತ್ತು ಎನ್ನಬೇಕೋ? ಇಷ್ಟು ಕಡಿಮೆ ಸವಲತ್ತಿನಲ್ಲಿ ಹೊಡೆದದ್ದಕ್ಕೆ ನೂರಿಪ್ಪತ್ತು ಎನ್ನಬೇಕೋ? ಆ ಲೆಕ್ಕವನ್ನು ಯಾವ ಪುಸ್ತಕವೂ ಹೇಳುವುದಿಲ್ಲ. ಉಳಿದದ್ದು ಒಂದೇ ದಾರಿ. ಹುಡುಗನನ್ನು ಪೂರ್ತಿ ಕಳಿಸಿಬಿಡದೆ, ಎರಡೂ ಕಡೆ ಆಡಿಸಿ ನೋಡುವುದು.

ಸುರತ್ಕಲ್‌ನ ಹುಡುಗನ ವಿಷಯದಲ್ಲಿ ಆದದ್ದು ಅದೇ. ತಂದೆ ಕೆ.ಎನ್. ಲೋಕೇಶ್ ಎನ್‌ಐಟಿಕೆಯಲ್ಲಿ ಪ್ರಾಧ್ಯಾಪಕರಾಗಿದ್ದವರು, ತಾಯಿ ರಾಜೇಶ್ವರಿ ಮಂಗಳೂರಿನಲ್ಲಿ ಇತಿಹಾಸ ಕಲಿಸುತ್ತಿದ್ದವರು. ಹತ್ತರ ಪ್ರಾಯದಲ್ಲಿ ತರಬೇತಿ ಶುರು ಮಾಡಿದ ಕೆ.ಎಲ್. ರಾಹುಲ್, ಸುರತ್ಕಲ್‌ನಿಂದ ಸುಮಾರು 20 ಕಿಲೋಮೀಟರ್ ದೂರದ ನೆಹರೂ ಮೈದಾನದಲ್ಲಿ ಸ್ಯಾಮುವೆಲ್ ಜಯರಾಜ್ ಅವರ ಕೈಕೆಳಗೆ ಬೆಳೆದ. ಎರಡು ವರ್ಷ ಕಳೆಯುವುದರೊಳಗೆ ಮಂಗಳೂರಿನ ತನ್ನ ಕ್ಲಬ್ಬಿಗೂ ಬೆಂಗಳೂರು ಯುನೈಟೆಡ್ ಕ್ರಿಕೆಟ್ ಕ್ಲಬ್ಬಿಗೂ ಆಡತೊಡಗಿದ. ಘಟ್ಟ ಹತ್ತಿ ಆಡಿ, ಘಟ್ಟ ಇಳಿದು ಮತ್ತೆ ಶಾಲೆಗೆ. ಪೂರ್ತಿಯಾಗಿ ಬೆಂಗಳೂರಿಗೆ ಹೋದದ್ದು 18ರ ಹೊತ್ತಿಗೆ, ಸಂತ ಅಲೋಶಿಯಸ್‌ನಲ್ಲಿ ಪಿಯುಸಿ ಆದ ಮೇಲೆ. ನನ್ನ ಮಟ್ಟಿಗೆ ಈ ಕತೆಯ ಮುಖ್ಯ ಆವಿಷ್ಕಾರ ಆ ಆರು ವರ್ಷಗಳೇ. ಮನೆ ಇಲ್ಲಿ, ಪರೀಕ್ಷೆ ಅಲ್ಲಿ. ಹುಡುಗ ಸೋತು ಬಂದರೆ ಅಮ್ಮನ ಊಟ ಇತ್ತು, ಗೆದ್ದು ಬಂದರೆ ಮರುದಿನದ ಹೋಂವರ್ಕ್ ಇತ್ತು.

ಪ್ರಾಯದ ಮಾತನ್ನೂ ಇಲ್ಲಿ ಹೇಳಬೇಕು. ಕಂಬಳದಲ್ಲಿ ನೇಗಿಲು ಕಿರಿಯ, ನೇಗಿಲು ಹಿರಿಯ, ಹಗ್ಗ ಕಿರಿಯ, ಹಗ್ಗ ಹಿರಿಯ ಎಂದು ವಿಭಾಗಗಳಿವೆ. ಕೋಣದ ಬಾಯಿ ತೆರೆದು ಹಲ್ಲು ನೋಡಿ ಪ್ರಾಯ ಹೇಳುವವರು ನಮ್ಮಲ್ಲಿದ್ದಾರೆ. ಎಳೆಯ ಕೋಣ ಒಂದು ಕರೆಯಲ್ಲಿ ಗೆದ್ದಿತೆಂದು ಮರುವಾರವೇ ಹಗ್ಗಕ್ಕೆ ಇಳಿಸಿದರೆ ಅದರ ಕಾಲು ಹೋಗುತ್ತದೆ ಎಂದು ತಿಳಿದವರು ಹೇಳುತ್ತಾರೆ. ಕ್ರಿಕೆಟ್ ಮಂಡಳಿ ಕಿರಿಯರ ಮಟ್ಟದಲ್ಲಿ ಎಡಗೈ ಮಣಿಕಟ್ಟಿನ ಎಕ್ಸ್‌ರೇ ತೆಗೆಸಿ ಮೂಳೆಯ ಪ್ರಾಯ ನೋಡುವುದೂ ಕೋಣದ ಹಲ್ಲು ನೋಡಿದ ಹಾಗೆಯೇ. ಟ್ಯಾನರ್ ಮತ್ತು ವೈಟ್‌ಹೌಸ್ ಎಂಬವರ ಹೆಸರಿನ ಪದ್ಧತಿ ಅದು. 16ರ ಗುಂಪಿನಲ್ಲಿ 18ರ ತೋಳು ಹೊಡೆದ ನೂರನ್ನು ಯಾವ ಲೆಕ್ಕದಿಂದಲೂ ಮೇಲಿನ ಮಟ್ಟಕ್ಕೆ ಬದಲಾಯಿಸಲು ಆಗುವುದಿಲ್ಲ. ಅಷ್ಟೇ ಅಲ್ಲ, ನಿಜವಾಗಿ 16ರವನಾದ ಇನ್ನೊಬ್ಬ ಹುಡುಗನ ಜಾಗ ಆ ದಿನ ಹೋಗುತ್ತದೆ. ನನಗೆ ಸಿಟ್ಟು ಬರುವುದು ಅಲ್ಲಿ.

2010ರಲ್ಲಿ ರಾಹುಲ್ ನ್ಯೂಜಿಲೆಂಡಿನಲ್ಲಿ ನಡೆದ 19 ವರ್ಷದೊಳಗಿನವರ ವಿಶ್ವಕಪ್‌ನಲ್ಲಿ ಆಡಿದರು. ಅದೇ ವರ್ಷದ ಕೊನೆಯ ಹೊತ್ತಿಗೆ ಕರ್ನಾಟಕ ತಂಡಕ್ಕೂ ಕಾಲಿಟ್ಟರು. ಆದರೆ ಆ ಸಲ ಅಲ್ಲಿ ನೆಲೆಯೂರಲು ಆಗಲಿಲ್ಲ. ಏರಿಸಿದ್ದು ಬೇಗ ಆಯಿತು ಎಂದು ಅನ್ನಿಸಬಹುದು. ನಾನು ಹಾಗೆ ಓದುವುದಿಲ್ಲ. ಮೇಲಿನ ಬೌಲಿಂಗ್ ಹೇಗಿರುತ್ತದೆ ಎಂದು ಮೈಯಲ್ಲಿ ಬರೆದುಕೊಂಡು ಹಿಂದಿರುಗಿದ ಹುಡುಗ ಕೆಳಗೆ ಬೇರೆಯೇ ರೀತಿ ಅಭ್ಯಾಸ ಮಾಡುತ್ತಾನೆ. 2013-14ರಲ್ಲಿ ಅದು ಕಾಣಿಸಿತು: ಒಂದೇ ರಣಜಿ ಋತುವಿನಲ್ಲಿ 1,033 ರನ್. ಹೈದರಾಬಾದಿನಲ್ಲಿ ಮಹಾರಾಷ್ಟ್ರದ ವಿರುದ್ಧದ ಫೈನಲ್‌ನಲ್ಲಿ 131, ಪಂದ್ಯಶ್ರೇಷ್ಠ ಪ್ರಶಸ್ತಿ. ವಿನಯ್ ಕುಮಾರ್ ನಾಯಕತ್ವದ ಕರ್ನಾಟಕ 1998-99ರ ಬಳಿಕ ಮೊದಲ ಸಲ ಆ ಟ್ರೋಫಿ ಎತ್ತಿತು.

ಇಷ್ಟಾದರೂ ಭಾರತ ತಂಡದ ಬಾಗಿಲು ಆ ವರ್ಷವೇ ತೆರೆಯಲಿಲ್ಲ. ನಡುವೆ ದುಲೀಪ್ ಟ್ರೋಫಿ ಎಂಬ ಇನ್ನೊಂದು ಮೆಟ್ಟಿಲು ಇತ್ತು. 2014ರ ದುಲೀಪ್ ಫೈನಲ್‌ನಲ್ಲಿ ದಕ್ಷಿಣ ವಲಯದ ಪರ ರಾಹುಲ್ 185 ಮತ್ತು 130 ಹೊಡೆದರು. ತಂಡ ಮಾತ್ರ ಮಧ್ಯ ವಲಯದ ಎದುರು ಕೇವಲ 9 ರನ್‌ನಿಂದ ಸೋತಿತು. ಸೋತ ಪಂದ್ಯದ ಎರಡು ಶತಕಗಳು! ಸಂದೀಪ್ ಪಾಟೀಲ್ ನೇತೃತ್ವದ ಆಯ್ಕೆ ಸಮಿತಿ, ಅದರಲ್ಲಿ ದಕ್ಷಿಣದ ಕಡೆಯಿಂದ ನಮ್ಮವರೇ ಆದ ರೋಜರ್ ಬಿನ್ನಿ, ಆಸ್ಟ್ರೇಲಿಯಾ ಪ್ರವಾಸಕ್ಕೆ ಅವರ ಹೆಸರು ಬರೆದುಕೊಂಡಿತು.

2014ರ ಡಿಸೆಂಬರ್ 26ರಂದು ಮೆಲ್ಬರ್ನ್‌ನಲ್ಲಿ ರಾಹುಲ್ ಅವರ ಮೊದಲ ಟೆಸ್ಟ್ ಶುರುವಾಯಿತು. ಮೊದಲ ಇನಿಂಗ್ಸ್‌ನಲ್ಲಿ ಆರನೇ ಕ್ರಮಾಂಕದಲ್ಲಿ ಇಳಿಸಿದರು: 3 ರನ್. ಎರಡನೆಯದರಲ್ಲಿ ಮೂರನೇ ಕ್ರಮಾಂಕ: 1 ರನ್. ಎರಡೂ ಸಲ ದುಡುಕಿ ಎತ್ತಿ ಹೊಡೆದು ಕ್ಯಾಚ್ ಕೊಟ್ಟದ್ದು. ಆ ಟೆಸ್ಟ್‌ನ ದಿನಗಳಲ್ಲಿ ಬೆಳಿಗ್ಗೆ ನಾಲ್ಕೂವರೆಗೇ ಎದ್ದು ಟಿ.ವಿ. ಮುಂದೆ ಕುಳಿತ ಮಂಗಳೂರಿನ ಮನೆಗಳಲ್ಲಿ ಚಹಾ ತಣ್ಣಗಾಯಿತು. "ಇಷ್ಟು ಬೇಗ ಕಳಿಸಬಾರದಿತ್ತು" ಎಂಬ ಮಾತು ನನ್ನ ಬಾಯಿಂದಲೂ ಬಂತು. ನಾನು ಹೇಳಿದ್ದು ತಪ್ಪು.

ಆ ಟೆಸ್ಟ್ ಮುಗಿದ ಕೂಡಲೇ ಧೋನಿ ಟೆಸ್ಟ್ ಕ್ರಿಕೆಟ್ಟಿಗೆ ವಿದಾಯ ಹೇಳಿದರು. ಸಿಡ್ನಿಯಲ್ಲಿ ಕೊಹ್ಲಿ ನಾಯಕರಾದರು. ಶಿಖರ್ ಧವನ್ ಅವರನ್ನು ಕೈಬಿಟ್ಟು ಮುರಳಿ ವಿಜಯ್ ಜೊತೆ ರಾಹುಲ್ ಅವರನ್ನು ಆರಂಭಿಕರಾಗಿ ಇಳಿಸಿದರು. ಇಲ್ಲಿಯೇ ಕತೆಯ ಬೀಗ ತೆರೆದದ್ದು. 1,033 ರನ್ ಬಂದದ್ದು ಆರಂಭಿಕನ ಜಾಗದಲ್ಲಿ, ಹೊಸ ಚೆಂಡಿನ ಎದುರು. ಆರನೇ ಕ್ರಮಾಂಕದಲ್ಲಿ ಹಳೆಯ ಚೆಂಡು, ಸ್ಪಿನ್ನರ್, ಬೇರೆ ಲಯ. ಕೆಳಗೆ ಯಾವ ಕೆಲಸ ಮಾಡಿ ರನ್ ಗಳಿಸಿದನೋ ಮೇಲೆಯೂ ಅದೇ ಕೆಲಸ ಕೊಟ್ಟರೆ ಮಾತ್ರ ಬಿಲ್ ಜೇಮ್ಸ್ ಅವರ ಲೆಕ್ಕ ನಡೆಯುತ್ತದೆ. ರಾಹುಲ್ ತಾಳ್ಮೆಯಿಂದ ಆಡಿದರು. 46ರಲ್ಲಿದ್ದಾಗ ಸ್ಟೀವ್ ಸ್ಮಿತ್ ಕೈಯಿಂದ ಒಂದು ಕ್ಯಾಚ್ ಜಾರಿತು. ಮೈದಾನದ ಮೇಲೆ ತಂತಿಯಲ್ಲಿ ಓಡುವ ಕ್ಯಾಮೆರಾ ಅಡ್ಡಬಂತೆಂದು ಆಗ ದೊಡ್ಡ ಚರ್ಚೆಯಾಯಿತು. ಕೊನೆಗೆ 262 ಎಸೆತಗಳಲ್ಲಿ 110. ಊರಿಗೆ ಮರಳಿ 2015ರ ಜನವರಿ ಕೊನೆಗೆ ಉತ್ತರ ಪ್ರದೇಶದ ವಿರುದ್ಧ 337, ರಣಜಿಯಲ್ಲಿ ಕರ್ನಾಟಕದ ಮೊದಲ ತ್ರಿಶತಕ.

ಹುಡುಗನನ್ನು ಮೇಲೆ ಯಾವಾಗ ಕರೆಯಬೇಕು ಎಂಬ ನಿರ್ಧಾರಕ್ಕೆ ಅಮೆರಿಕದ ಬೇಸ್‌ಬಾಲ್‌ನಲ್ಲಿ ಹಣದ ಗಂಟೂ ಬಿದ್ದಿದೆ. ಮೇಲಿನ ತಂಡದಲ್ಲಿ 172 ದಿನ ಇದ್ದರೆ ಒಂದು ವರ್ಷದ ಸೇವೆ. ಅಂಥ ಆರು ವರ್ಷ ತುಂಬಿದರೆ ಆಟಗಾರ ತನಗೆ ಬೇಕಾದ ತಂಡಕ್ಕೆ ಹೋಗಬಹುದು. 2015ರಲ್ಲಿ ಶಿಕಾಗೋ ಕಬ್ಸ್ ತಂಡ ಕ್ರಿಸ್ ಬ್ರಯಂಟ್ ಎಂಬ ಯುವಕನನ್ನು ಏಪ್ರಿಲ್ 17ಕ್ಕೆ ಮೇಲೆ ಕರೆಯಿತು. ವರ್ಷದ ಕೊನೆಗೆ ಅವರ ಲೆಕ್ಕದಲ್ಲಿ 171 ದಿನ! ಆ ಒಂದು ದಿನಕ್ಕಾಗಿ ಹೂಡಿದ ದೂರು 2020ರಲ್ಲಿ ತಿರಸ್ಕೃತವಾಯಿತು. ನಮ್ಮಲ್ಲಿ ಆ ನಿಯಮ ಇಲ್ಲದಿರುವುದು ಒಳ್ಳೆಯದೇ.

ಆದರೆ ನಮ್ಮ ಗಾಯ ಬೇರೆ. ರಾಹುಲ್ ಜೊತೆಗೇ ಕರ್ನಾಟಕಕ್ಕೆ ಆಡಿದ ಕರುಣ್ ನಾಯರ್ 2016ರ ಡಿಸೆಂಬರ್‌ನಲ್ಲಿ ಚೆನ್ನೈಯಲ್ಲಿ ಇಂಗ್ಲೆಂಡ್ ವಿರುದ್ಧ ಔಟಾಗದೆ 303 ಹೊಡೆದರು. ಅದು ಅವರ ಮೂರನೇ ಟೆಸ್ಟ್. ಅದೇ ಇನಿಂಗ್ಸ್‌ನಲ್ಲಿ ರಾಹುಲ್ 199. ಮುಂದಿನ ಟೆಸ್ಟ್‌ನಲ್ಲಿ, ಗಾಯದಿಂದ ಮರಳಿದ ರಹಾನೆಗಾಗಿ ಕರುಣ್ ಹೊರಗೆ ಕುಳಿತರು. ಮತ್ತೆ ಕೆಲವು ಪಂದ್ಯ ಸಿಕ್ಕಿತು, ಆಮೇಲೆ ಎಂಟು ವರ್ಷ ಬಾಗಿಲು ಮುಚ್ಚಿತು. ಸಿಡ್ನಿಯಲ್ಲಿ ರಾಹುಲ್ ಅವರಿಗೆ ಮರು ಟೆಸ್ಟ್‌ನಲ್ಲೇ ಸಿಕ್ಕಿದ ಅವಕಾಶ ಕರುಣ್ ಅವರಿಗೆ ಸಿಗಲಿಲ್ಲ. ಆ ಎಂಟು ವರ್ಷ ಅವರು ಒಂದೂ ಟೆಸ್ಟ್ ಆಡದೆ ಕಳೆದರು, ಕೊನೆಗೆ ವಿದರ್ಭಕ್ಕೆ ಹೋಗಿ ಆಡಿದರು. 2025ರ ಜೂನ್‌ನಲ್ಲಿ ಲೀಡ್ಸ್ ಟೆಸ್ಟ್‌ಗೆ ಕರೆ ಬಂದಾಗ ಅವರಿಗೆ 33 ವರ್ಷ. ಮೊದಲ ಇನಿಂಗ್ಸ್‌ನಲ್ಲಿ ಸೊನ್ನೆ. ಎರಡನೆಯದರಲ್ಲಿ 20. ರಾಹುಲ್ ಅದೇ ಪಂದ್ಯದಲ್ಲಿ ಆರಂಭಿಕರಾಗಿ 137 ಹೊಡೆದರು.

ಜೂನ್ ಬಂದರೆ ಮಂಗಳೂರಿನಲ್ಲಿ ಮಳೆ. ಆಟ ನಿಂತು, ಹುಡುಗರೆಲ್ಲ ಟಿ.ವಿ. ಮುಂದೆ. ಲೀಡ್ಸ್ ಆದ ಮೇಲಿನ ಟೆಸ್ಟ್ ಇದ್ದದ್ದು ಎಜ್‌ಬಾಸ್ಟನ್‌ನಲ್ಲಿ, ಕುಂದರನ್ ತಮ್ಮ ಕೊನೆಯ ಟೆಸ್ಟ್ ಆಡಿದ ಅದೇ ಮೈದಾನದಲ್ಲಿ. ತಂಡದ ಪಟ್ಟಿ ಬಂದಾಗ ನಾನು ಮೊದಲು ಹುಡುಕಿದ್ದು ಕರುಣ್ ಹೆಸರನ್ನು. ಇತ್ತು.